ಹನ್ನೊಂದನೆಯ ಕಡ್ಡಿ

ನಮ್ಮೂರಿಗೆ ಬೇರಿನ ಗಾಡಿ ಬಂದ ದಿನದಿಂದ ಹಿಡಿದು ಎಲೆ ಬರುವ ದಿನದವರೆಗೆ ಯಾರೂ ಯಾರನ್ನೂ ಏನನ್ನೂ ಕೇಳುವ ಹಾಗಿಲ್ಲ. ಸಾಮಾನ್ಯವಾಗಿ ಅದು ಮೂವತ್ತು ದಿನದ ಮಾತು, ಚಳಿ ಜಾಸ್ತಿಯಾದರೆ ನಲವತ್ತು. ಹೇಳಬಹುದು, ಬೈಯಬಹುದು, ಹಾಡಬಹುದು, ಬೇಕಾದರೆ ಸುಳ್ಳನ್ನೂ ಹೇಳಬಹುದು. ಪ್ರಶ್ನೆ ಮಾತ್ರ ಕೂಡದು. ಯಾರಾದರೂ ಬಾಯಿತಪ್ಪಿ ಒಂದು ಪ್ರಶ್ನೆ ಕೇಳಿಬಿಟ್ಟರೆ ಹತ್ತಿರದ ಹೊಸ ಗಿಡದ ಮೊಗ್ಗು ಬಸವನಹುಳು ಕೊಂಬು ಎಳೆದುಕೊಂಡ ಹಾಗೆ ಒಳಕ್ಕೆ ಹೋಗುತ್ತದೆ, ಮತ್ತೆ ಹೊರಗೆ ತಲೆ ಹಾಕಲು ಮೂರು ದಿನ ಬೇಕು. ಇದು ಯಾಕೆ ಹೀಗೆ ಅಂತ ಪರವೂರಿನವರು ಕೇಳುತ್ತಾರೆ. ಕೇಳಬಾರದ ದಿನಗಳಲ್ಲಿ ಕೇಳಿದರೆ ಬೈದು ಕಳಿಸುತ್ತೇವೆ. ಕೇಳಬಹುದಾದ ದಿನಗಳಲ್ಲಿ ನಮಗೆ ಅದಕ್ಕಿಂತ ಮುಖ್ಯವಾದ ಪ್ರಶ್ನೆಗಳಿರುತ್ತವೆ.

ನಾನು ಟೇಲರ್. ಮೂರನೇ ಬೀದಿಯ ತುದಿಯಲ್ಲಿ ನನ್ನ ಅಂಗಡಿ. ಆ ದಿನಗಳಲ್ಲಿ ಗಿರಾಕಿಗಳು ಬಂದು, "ಜೇಬು ಒಂದೇ, ಎಡಗಡೆ. ಕಾಲರು ಚೂಪು. ಬುಧವಾರಕ್ಕೆ ಬೇಕು" ಅಂತ ಪಾಠ ಒಪ್ಪಿಸಿದ ಹಾಗೆ ಒಪ್ಪಿಸಿ ಹೋಗುತ್ತಾರೆ. ಅವರು ಮರೆತದ್ದನ್ನು ನಾನು ಊಹಿಸಿಕೊಂಡು ಹೊಲಿಯಬೇಕು. ನಮ್ಮ ಡಾಕ್ಟರಂತೂ ರೋಗಿಯನ್ನು ಎದುರಿಗೆ ಕೂರಿಸಿಕೊಂಡು "ತಲೆನೋವು" ಅನ್ನುತ್ತಾರೆ. ರೋಗಿ ಅಲ್ಲ ಅಂತ ತಲೆಯಾಡಿಸಿದರೆ "ಎದೆನೋವು" ಅನ್ನುತ್ತಾರೆ. ಹೀಗೆ ಕಾಲಿನವರೆಗೆ ಇಳಿಯುತ್ತಾರೆ. ಸಂತೆಯಲ್ಲಿ "ಈ ಬದನೆಕಾಯಿ ಎಳೇದೇ ಇರಬೇಕು" ಅಂತ ಗಾಳಿಗೆ ಹೇಳಿ ಸುಮ್ಮನೆ ನಿಲ್ಲಬೇಕು. ದಾರಿಯಲ್ಲಿ ಎದುರಾದವರು "ಊಟ ಆಗಿರುತ್ತೆ" ಅಂದರೆ "ಆಗಿದೆ" ಅನ್ನಬೇಕು. "ಏನು" ಅನ್ನುವಂತಿಲ್ಲ, "ಏನೋ" ಅನ್ನಬಹುದು. ಈ "ಏನೋ" ಬಗ್ಗೆ ನಮ್ಮಜ್ಜಿಯ ಕಾಲದಲ್ಲೇ ದೊಡ್ಡ ಜಗಳವಾಗಿ, ಕೊನೆಗೆ ಗಿಡಗಳು ತಕರಾರು ಮಾಡುತ್ತಿಲ್ಲವಾದ್ದರಿಂದ ನಡೆಯುತ್ತದೆ ಅಂತ ತೀರ್ಮಾನವಾಯಿತಂತೆ.

ಪ್ರತಿವರ್ಷ ಒಂದು ಬೀದಿಯ ಸರದಿ. ಈ ಸಲ ನಮ್ಮದು. ಗಾಡಿ ಬರುವ ಹೊತ್ತಿಗೆ ಹನ್ನೊಂದು ಮನೆಯ ಮುಂದೆ ಹನ್ನೊಂದು ಗುಂಡಿ ತೋಡಿಟ್ಟಿದ್ದೆವು. ಗುಡ್ಡದ ಸಸಿತೋಟದಿಂದ ಬರುವ ಗಿಡಗಳಿಗೆ ಮಣ್ಣಿನ ಹೆಂಟೆಯಿಲ್ಲ, ಎಲೆಯಿಲ್ಲ. ಒದ್ದೆ ಗೋಣಿಯಲ್ಲಿ ಸುತ್ತಿದ ಬರಿಯ ಬೇರು, ಅದರ ಮೇಲೊಂದು ಸೊಂಟದೆತ್ತರದ ಕಡ್ಡಿ. ಅಂಜೂರವೋ ದಾಳಿಂಬೆಯೋ ಹಿಪ್ಪುನೇರಳೆಯೋ ಎಲೆ ಬಂದ ಮೇಲೇ ಗೊತ್ತಾಗಬೇಕು. ಗಾಡಿಯವನು ತಾನಾಗಿ ಹೇಳುವುದಿಲ್ಲ, ನಾವು ಕೇಳುವಂತಿಲ್ಲ. ನೆಟ್ಟು, ನೀರು ಹಾಕಿ, ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯುವುದಷ್ಟೇ ನಮ್ಮ ಪಾಲಿನ ಕೆಲಸ.

ಈ ಸಲ ಗಾಡಿಯ ಹಿಂದೆ ಕೈಚೀಲ ಹಿಡಿದು ಬೋರಯ್ಯ ನಡೆದುಕೊಂಡು ಬಂದ. ಒಂಬತ್ತು ವರ್ಷವಾಗಿತ್ತು ಅವನು ಊರು ಬಿಟ್ಟು. ಹನ್ನೊಂದನೆಯ ಕಡ್ಡಿಯನ್ನು ಎತ್ತಿಕೊಂಡು ಹೋಗಿ, ನನ್ನ ಅಂಗಡಿಯ ಎದುರುಮನೆಯ ಗುಂಡಿಯಲ್ಲಿ ತಾನೇ ಇಳಿಸಿ, ಬೇರನ್ನು ಒಂದೊಂದಾಗಿ ಬಿಡಿಸಿ ಮಣ್ಣು ಮುಚ್ಚಿದ. ಅದು ಅವನ ಮನೆಯೇ. ಹೊಸ್ತಿಲ ಮೇಲೆ ಅವನ ಹೆಂಡತಿ ದ್ಯಾವಮ್ಮ ಹಿಟ್ಟಿನ ಕೈಯಲ್ಲೇ ನಿಂತಿದ್ದಳು.

"ಬಂದೆ" ಅಂದ ಬೋರಯ್ಯ.

"ಹಿಂದ್ಗಡೆ ನೀರೈತೆ" ಅಂದಳು ದ್ಯಾವಮ್ಮ. "ಕೈಕಾಲು ತೊಳ್ಕೊಂಡ್ರೆ ಆಯ್ತದೆ."

ಅವನು ಯಾಕೆ ಹೋದ ಅನ್ನುವುದು ಬೀದಿಗೆಲ್ಲ ಗೊತ್ತಿರುವ ವಿಷಯ. ಅವರಿಗೆ ನಾಲ್ಕು ವರ್ಷದ ಒಂದು ಹೆಣ್ಣುಮಗು ಇತ್ತು, ಚಿಕ್ಕಿ ಅಂತ. ಆ ವರ್ಷ ಕೇಳಬಾರದ ದಿನಗಳಲ್ಲೇ ಒಂದು ಮಧ್ಯಾಹ್ನ ದ್ಯಾವಮ್ಮ ಖಾರ ಕುಟ್ಟಲು ಹಿಂದಿನ ಬೀದಿಗೆ ಹೋಗಿದ್ದಾಗ, ಅಪ್ಪನ ಹತ್ತಿರ ಬಿಟ್ಟಿದ್ದ ಮಗು ಬಟ್ಟೆ ಒಗೆಯುವ ಕಟ್ಟೆಗೆ ಹೋಗಿ ನೀರಿಗೆ ಬಿತ್ತು. ಆಮೇಲೆ ಇಪ್ಪತ್ತಾರು ದಿನ ಯಾರೂ ಬೋರಯ್ಯನನ್ನು ಏನೂ ಕೇಳಲಿಲ್ಲ, ಕೇಳುವಂತಿರಲಿಲ್ಲ. ದ್ಯಾವಮ್ಮ ಆ ಒಂದು ಪ್ರಶ್ನೆಯನ್ನು ಹೊಟ್ಟೆಯಲ್ಲಿಟ್ಟುಕೊಂಡು ಅಡುಗೆ ಮಾಡಿದಳು, ಕಸ ಗುಡಿಸಿದಳು. ಎಲೆ ಬಂದ ದಿನ ಊರೆಲ್ಲ ಒಬ್ಬರನ್ನೊಬ್ಬರು ಯೋಗಕ್ಷೇಮ ಕೇಳಿಕೊಳ್ಳುತ್ತಿದ್ದಾಗ, ಇದೇ ಹೊಸ್ತಿಲ ಮೇಲೆ ನಿಂತು ಕೇಳಿದಳು: "ಮಗು ನೀರಿಗೆ ಹೋಗೋವಾಗ ನೀವೆಲ್ಲಿದ್ರಿ?" ಬೋರಯ್ಯ ಅವಳ ಮುಖವನ್ನೇ ನೋಡಿದ. ಆಮೇಲೆ ಚಪ್ಪಲಿ ಮೆಟ್ಟಿಕೊಂಡು ಹೊರಟವನು ಬೀದಿಯ ಕೊನೆ ಮುಟ್ಟುವವರೆಗೆ ಒಂದು ಸಲವೂ ಹಿಂತಿರುಗಿ ನೋಡಲಿಲ್ಲ. ನಾನು ಆಗ ಅಂಗಿಯೊಂದಕ್ಕೆ ಗುಂಡಿಯ ಕಾಜ ಹೊಲಿಯುತ್ತಿದ್ದೆ. ಸೂಜಿ ಬೆರಳಿಗೆ ಚುಚ್ಚಿತು ಅನ್ನುವುದೂ ನೆನಪಿದೆ.

ಈಗ ಕೇಳಬಾರದ ದಿನ ನೋಡಿಕೊಂಡೇ ಬಂದಿದ್ದ. ನಮ್ಮ ಬೀದಿಯ ಶಂಭುಲಿಂಗ ಮೇಷ್ಟ್ರು ಮೊದಲ ದಿನವೇ ಭವಿಷ್ಯ ಹೇಳಿಬಿಟ್ಟರು: "ಸಮಯ ಸಾಧಕ. ಒಂದು ತಿಂಗಳು ನೆಮ್ಮದಿಯಾಗಿ ಉಂಡುಕೊಂಡು ಇರ್ತಾನೆ. ಎಲೆ ಬಂದ ದಿನ ಇವಳು ಕೇಳ್ತಾಳೆ, ಅವನು ಹೊರಡ್ತಾನೆ. ಬರೆದಿಟ್ಕೊಳ್ಳಿ." ಯಾರೂ ಬರೆದಿಟ್ಟುಕೊಳ್ಳಲಿಲ್ಲ, ಆದರೆ ಎಲ್ಲರೂ ಒಪ್ಪಿಕೊಂಡರು.

ಬೋರಯ್ಯ ಜಗಲಿಯ ಮೇಲೆ ಮಲಗುತ್ತಿದ್ದ. ಕೈಚೀಲವನ್ನು ಬಿಚ್ಚಲೇ ಇಲ್ಲ, ಗೋಡೆಯ ಮೊಳೆಗೆ ನೇತುಹಾಕಿದ್ದ. ಹೊತ್ತು ಹುಟ್ಟಿದ ಮೇಲೆ ಬೀದಿಯ ಹನ್ನೊಂದು ಕಡ್ಡಿಗೂ ನೀರು ಹಾಕಿ, ಬುಡದ ಮಣ್ಣು ಸಡಿಲಿಸಿ ಬರುತ್ತಿದ್ದ. ಒಂಬತ್ತು ವರ್ಷ ಗುಡ್ಡದ ಸಸಿತೋಟದಲ್ಲಿ ಗಿಡ ಕೀಳುವ ಕೆಲಸ ಮಾಡಿದ್ದನಂತೆ. ಇದನ್ನೂ ಅವನಾಗಿಯೇ, ಕಡ್ಡಿಗೆ ಊರುಗೋಲು ಕಟ್ಟುತ್ತಾ, ನನ್ನ ಕಡೆ ನೋಡದೆ ಹೇಳಿದ.

ಊಟದ ವಿಷಯದಲ್ಲಿ ದ್ಯಾವಮ್ಮನಿಗೆ ದಿನವೂ ಫಜೀತಿ. ಹಿಂದೆ ಬೋರಯ್ಯ ಕೂತ ಮಣೆಯಲ್ಲಿ ಮೂರು ಮುದ್ದೆ ನುಂಗುತ್ತಿದ್ದ ಆಸಾಮಿ. ಈಗ ವಯಸ್ಸಾಗಿದೆ, ಹೊಟ್ಟೆ ಕುಗ್ಗಿದೆ. ಅವನಿಗೊಂದು ಅಂಗಿ ಹೊಲಿಯಲು ಬಟ್ಟೆ ತಂದುಕೊಟ್ಟ ದಿನ ಅವಳೇ ಹೇಳಿಕೊಂಡಳು: "ಎರಡಿಕ್ಕುದ್ರೆ ಉಳಿಸ್ತರೆ ಟೇಲರಣ್ಣ, ಕರಿ ಪಾಲಾಯ್ತದೆ. ಒಂದಿಕ್ಕುದ್ರೆ ತಟ್ಟೆ ತೊಳ್ದಂಗೆ ಮಾಡಿ ಪಾತ್ರೆ ಕಡೆ ನೋಡ್ತರೆ. ಬೇಕು ಅನ್ನಲ್ಲ, ಸಾಕು ಅನ್ನಲ್ಲ." ಕರಿ ಅನ್ನುವುದು ಅವಳ ನಾಯಿ. ಮುದ್ದೆ ಮುರಿದು ಬಡಿಸಿದರೆ ಆಗುತ್ತಿತ್ತಲ್ಲ ಅಂತ ನಿಮಗೆ ಅನ್ನಿಸಬಹುದು. ನಮ್ಮಲ್ಲಿ ಅರ್ಧ ಮುದ್ದೆಯನ್ನು ಬಾಯಿಬಿಟ್ಟು ಕೇಳಿದವರಿಗೆ ಮಾತ್ರ ಬಡಿಸುವುದು. ಕೇಳದವರ ತಟ್ಟೆಗೆ ಅರ್ಧ ಹಾಕಿದರೆ ಎದ್ದು ಹೋಗು ಅಂದ ಹಾಗೆ. ಅದರಿಂದ ಅವಳು ಒಂದು ದಿನ ಒಂದು, ಒಂದು ದಿನ ಎರಡು ಬಡಿಸುತ್ತಾ, ಅವನು ಒಂದು ದಿನ ಹಸಿದುಕೊಂಡು ಒಂದು ದಿನ ಉಳಿಸಿಕೊಂಡು ದಿನ ಕಳೆದರು.

ಇಪ್ಪತ್ತೆಂಟನೆಯ ದಿನ ಮೇಷ್ಟ್ರ ಮನೆಯ ಕಡ್ಡಿ ಎಲೆ ಬಿಟ್ಟಿತು, ದಾಳಿಂಬೆ. ಮಾರನೆಯ ದಿನ ನನ್ನದು, ಹಿಪ್ಪುನೇರಳೆ. ಮೂವತ್ತಮೂರರ ಹೊತ್ತಿಗೆ ಹತ್ತು ಕಡ್ಡಿಗೂ ಎಲೆ ಬಂತು. ದ್ಯಾವಮ್ಮನ ಮನೆಯ ಮುಂದಿನದು ಮಾತ್ರ ಹೇಗೆ ನೆಟ್ಟಿದ್ದರೋ ಹಾಗೇ ನಿಂತಿತ್ತು. ಕೊನೆಯ ಕಡ್ಡಿಗೆ ಎಲೆ ಬಂದ ಹೊರತು ಊರಿಗೆ ಪ್ರಶ್ನೆ ವಾಪಸು ಬರುವುದಿಲ್ಲ.

ಮೂವತ್ತೈದಾಯಿತು, ಮೂವತ್ತೆಂಟಾಯಿತು. ಮೇಷ್ಟ್ರ ಮೊಮ್ಮಗಳನ್ನು ನೋಡಲು ಗಂಡಿನ ಕಡೆಯವರು ಎರಡು ಸಲ ಬಂದು, ಕಾಫಿ ಕುಡಿದು, ಹವಾಮಾನದ ಬಗ್ಗೆ ಹೇಳಿ ಎದ್ದುಹೋದರು. ಹುಡುಗಿಗೆ ಒಪ್ಪಿಗೆಯಾ ಅಂತ ಕೇಳದೆ ಮದುವೆ ನಿಶ್ಚಯ ಮಾಡುವುದು ಹೇಗೆ. ಶಾಲೆಯಲ್ಲಿ ಪರೀಕ್ಷೆ ನಿಂತಿತ್ತು, ಮಕ್ಕಳಿಗೆ ಮಾತ್ರ ಅದರಿಂದ ಯಾವ ತೊಂದರೆಯೂ ಆಗಲಿಲ್ಲ. ಬಿಸಿಲು ಬಲಿತರೆ ಕಡ್ಡಿ ಒಣಗಿಹೋಗುತ್ತದೆ. ಹಾಗಾದರೆ ಮುಂದಿನ ವರ್ಷದ ಗಾಡಿ ಬಂದು ಅದರ ಎಲೆ ಬರುವ ತನಕ ಯಾರೂ ಕೇಳುವಂತಿಲ್ಲ. ನಮ್ಮಜ್ಜಿಯ ಕಾಲದಲ್ಲಿ ಒಮ್ಮೆ ಹಾಗಾಗಿತ್ತು. ಆ ವರ್ಷ ಗಂಡಹೆಂಡಿರು ಬೇರೆಯಾದದ್ದು ಜಾಸ್ತಿಯಂತೆ. ಕೇಳದೇ ಇದ್ದರೆ ಜಗಳವಿರುವುದಿಲ್ಲ ಅನ್ನುವವರಿಗೆ ಅಜ್ಜಿ ಈ ಮಾತನ್ನೇ ಹೇಳುತ್ತಿದ್ದಳು.

ಮೂವತ್ತೊಂಬತ್ತನೆಯ ದಿನ ಬೆಳಿಗ್ಗೆ ನಾನು ಬೇಗ ಎದ್ದು ಅಂಗಡಿಯ ಮುಂದೆ ನೀರು ಚಿಮುಕಿಸುತ್ತಿದ್ದೆ. ಬೋರಯ್ಯ ಜಗಲಿಯ ಮೇಲೆ ಮುಸುಕೆಳೆದುಕೊಂಡು ಮಲಗಿದ್ದ. ದ್ಯಾವಮ್ಮ ಬಾಗಿಲು ತೆರೆದು, ಸದ್ದಾಗದಂತೆ ಕಡ್ಡಿಯ ಹತ್ತಿರ ಬಂದು ಕೂತಳು. ನೀರು ಹಾಕಲು ಬಂದಳೇನೋ ಅಂದುಕೊಂಡೆ. ಕೈಯಲ್ಲಿ ಚೆಂಬಿರಲಿಲ್ಲ. ಹೆಬ್ಬೆರಳಿನ ಉಗುರಿನಿಂದ ಕಡ್ಡಿಯ ಸಿಪ್ಪೆಯನ್ನು ಒಂದು ಸಲ ಗೀರಿ, ಎದ್ದು ಒಳಗೆ ಹೋದಳು.

ಬೇರೆ ಕಡೆ ಗಿಡ ನೆಡುವವರು ಕಡ್ಡಿಗೆ ಜೀವ ಇದೆಯೋ ಇಲ್ಲವೋ ನೋಡಲು ಉಗುರಲ್ಲಿ ಸಿಪ್ಪೆ ಗೀರುತ್ತಾರಂತೆ. ಒಳಗೆ ಹಸಿರು ಕಂಡರೆ ಇದೆ, ಕಂದು ಕಂಡರೆ ಇಲ್ಲ. ನಮ್ಮೂರಲ್ಲಿ ಹಾಗೆ ಗೀರುವುದನ್ನೂ ಪ್ರಶ್ನೆ ಅಂತಲೇ ಲೆಕ್ಕ. ಬದುಕಿದ್ದೀಯಾ ಅಂತ ಗಿಡವನ್ನು ಕೇಳಿದ ಹಾಗೆ. ಬಾಯಿಂದ ಕೇಳಿದರೆ ಎಷ್ಟೋ, ಉಗುರಿಂದ ಕೇಳಿದರೂ ಅಷ್ಟೇ, ಮೊಗ್ಗು ಮೂರು ದಿನ ಒಳಗೆ. ಮಕ್ಕಳು ಕೂಡ ಕಡ್ಡಿಗೆ ಉಗುರು ತಾಗಿಸುವುದಿಲ್ಲ. ನಾನು ಹೋಗಿ ಬಗ್ಗಿ ನೋಡಿದೆ. ಮೊಣಕಾಲಿನೆತ್ತರದಲ್ಲಿ, ಬೀದಿಗೆ ಕಾಣದ ಒಳಮಗ್ಗುಲಲ್ಲಿ, ಹಳೆಯ ಗೀರು, ಹೊಸ ಗೀರು, ಒಂದರ ಪಕ್ಕ ಒಂದು. ಎಲ್ಲದರೊಳಗೂ ಹಸಿರು.

ನಾನು ಯಾರಿಗೂ ಹೇಳಲಿಲ್ಲ. ಟೇಲರಿಗೆ ಊರವರೆಲ್ಲರ ಅಳತೆ ಗೊತ್ತಿರುತ್ತದೆ, ಹೇಳಿಕೊಂಡು ತಿರುಗಿದರೆ ಅಂಗಡಿ ನಡೆಯುವುದಿಲ್ಲ. ಆದರೆ ಅಂದು ಮಧ್ಯಾಹ್ನ ಅವಳು ಅಂಗಿಗೆ ಗುಂಡಿ ತಂದುಕೊಟ್ಟಾಗ ತಡೆಯಲಾಗಲಿಲ್ಲ.

"ಉಗುರಲ್ಲಿ ಹೋಗೋದಕ್ಕೆ ಕೊಡಲಿ ತಗೊಳ್ತಾರೆ ಅಂತ ಗಾದೆ" ಅಂದೆ. "ಆದರೆ ಉಗುರಲ್ಲೂ ಗಿಡ ಸಾಯುತ್ತೆ ದ್ಯಾವಮ್ಮ. ಇನ್ನು ನಾಲ್ಕು ಸಲ ಗೀರಿದರೆ ಅದು ಹೋಯಿತು ಅಂತಲೇ ಅಂದ್ಕೋ."

ಅವಳು ಗುಂಡಿಗಳನ್ನು ಮೇಜಿನ ಮೇಲೆ ಸಾಲಾಗಿ ಇಟ್ಟಳು. "ಎಲೆ ಬಂದ್ರೆ ನಾನು ಕೇಳ್ಬುಡ್ತೀನಿ ಟೇಲರಣ್ಣ. ನನ್ ಬಾಯಿ ನಂಗೊತ್ತು. ಕೇಳುದ್ರೆ ಅವ್ರು ಹೊಂಟೋಯ್ತರೆ."

"ಕೇಳದೇ ಇದ್ದರಾಯಿತು. ಬೇರೆ ಏನಾದರೂ ಕೇಳು."

"ಒಂಬತ್ತು ವರ್ಸ ಒಬ್ಳೇ ಕುಂತ್ಕಂಡು ಅದೊಂದ್ನೇ ಕೇಳೀವ್ನಿ. ಗೋಡೇನ ಕೇಳೀವ್ನಿ, ಒಲೇನ ಕೇಳೀವ್ನಿ. ಬೇರೆ ಪ್ರಶ್ನೆ ನನ್ತವ ಇಲ್ಲ." ಗುಂಡಿಯೊಂದನ್ನು ಸಾಲಿಗೆ ಸರಿಸುತ್ತಾ, "ಹಿಂಗೇ ಇದ್ರೆ ಇರ್ತರೆ. ಜಗಲಿ ಮ್ಯಾಲಾದ್ರೂ ಇರ್ತರೆ" ಅಂದಳು.

ನನಗೆ ಅವಳ ಮೇಲೆ ಸಿಟ್ಟು ಬರಬೇಕಿತ್ತು. ಊರಿಗೆ ಊರೇ ಬಾಯಿಗೆ ಬೀಗ ಹಾಕಿಕೊಂಡು ಕೂತಿರುವುದು ಇವಳೊಬ್ಬಳ ಉಗುರಿನಿಂದ. ಸಿಟ್ಟು ಬರಲಿಲ್ಲ. ಗುಂಡಿಗಳಲ್ಲಿ ಒಂದರ ಬಣ್ಣ ಬೇರೆ ಇತ್ತು, ಅದನ್ನು ಕೊನೆಗೆ ಹಾಕುತ್ತೇನೆ ಅಂತ ಹೇಳಿ ಕಳಿಸಿದೆ.

ನಲವತ್ತೊಂದನೆಯ ದಿನ ಮೇಷ್ಟ್ರು ಬೀದಿಯವರನ್ನೆಲ್ಲ ಸೇರಿಸಿಕೊಂಡು ದ್ಯಾವಮ್ಮನ ಮನೆಯ ಮುಂದೆ ಬಂದರು. ಕಡ್ಡಿ ಸತ್ತಿದೆ, ಅದನ್ನು ಕಿತ್ತುಹಾಕಿ ಹತ್ತೇ ಗಿಡ ಅಂತ ಮಾಡಿಕೊಂಡರೆ ಮುಗಿಯಿತು ಅನ್ನುವುದು ಅವರ ವಾದ. ಹೀಗೆ ಹಿಂದೆ ಯಾರೂ ಮಾಡಿರಲಿಲ್ಲ. ಆದರೆ ಮೊಮ್ಮಗಳ ಮದುವೆ ಎದುರಿಗಿರುವವರಿಗೆ ಹೊಸ ದಾರಿಗಳು ಹೊಳೆಯುತ್ತವೆ. ಕೀಳಲು ಮಾತ್ರ ಯಾರೂ ಮುಂದೆ ಬರಲಿಲ್ಲ. ಮೇಷ್ಟ್ರು "ಬೆಕ್ಕಿಗೆ ಗಂಟೆ ಕಟ್ಟೋರು" ಅಂತ ಶುರು ಮಾಡಿ ಅಲ್ಲಿಗೇ ನಿಲ್ಲಿಸಿಕೊಂಡರು. ಆ ಗಾದೆಯ ಕೊನೆಯಲ್ಲಿರುವುದು ಪ್ರಶ್ನೆ. ಆಮೇಲೆ ತಾವೇ ಪಂಚೆ ಎತ್ತಿಕಟ್ಟಿ ಕಡ್ಡಿಗೆ ಕೈ ಹಾಕಿದರು.

"ಸತ್ತಿಲ್ಲ ಮೇಷ್ಟ್ರೆ, ಬುಡಿ" ಅಂತ ಬೋರಯ್ಯ ಜಗಲಿಯಿಂದ ಇಳಿದು ಬಂದ. ಬುಡದಲ್ಲಿ ಕೂತು ಕಡ್ಡಿಯನ್ನು ಮೇಲಿನಿಂದ ಕೆಳಗೆ ಬೆರಳಲ್ಲಿ ಸವರಿದ. ಒಳಮಗ್ಗುಲಿಗೆ ಬಂದಾಗ ಬೆರಳು ನಿಂತಿತು. ಬಗ್ಗಿ ನೋಡಿದ. ಒಂಬತ್ತು ವರ್ಷ ಕಡ್ಡಿಗಳ ಜೊತೆ ಕೆಲಸ ಮಾಡಿದವನಿಗೆ ಉಗುರಿನ ಗೀರು ಏನು ಅಂತ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

"ಒಳಗೆಲ್ಲ ಹಸುರೈತೆ" ಅಂದ. "ಯಾರೋ ದಿನಾ ಕೇಳ್ತಾವ್ರೆ."

ಎಲ್ಲರೂ ಹೊಸ್ತಿಲ ಕಡೆ ತಿರುಗಿದರು. ದ್ಯಾವಮ್ಮ ಇಲ್ಲ ಅನ್ನಲಿಲ್ಲ. ಬಲಗೈಯ ಹೆಬ್ಬೆರಳನ್ನು ಮುಷ್ಟಿಯೊಳಗೆ ಮಡಚಿಕೊಂಡು ನಿಂತಿದ್ದಳು. ಮೇಷ್ಟ್ರು ಬಾಯಿ ತೆರೆದರು. ಅಲ್ಲಿ ನಿಂತಿದ್ದ ಒಬ್ಬೊಬ್ಬರ ಬಾಯಲ್ಲೂ "ಯಾಕೆ" ಅನ್ನುವ ಮಾತು ಬಂದು ಹಲ್ಲಿನ ಹಿಂದೆ ನಿಂತದ್ದು ಕಾಣುತ್ತಿತ್ತು.

ಬೋರಯ್ಯ ಬುಡದ ಒದ್ದೆ ಮಣ್ಣನ್ನು ತೆಗೆದು ನಾದಿ, ಗೀರುಗಳ ಮೇಲೆ ಮೆತ್ತತೊಡಗಿದ. ಒಂದೊಂದು ಗೀರಿಗೂ ಬೇರೆಬೇರೆಯಾಗಿ ಮೆತ್ತಿದ. ಮೆತ್ತುತ್ತಲೇ, ಯಾರ ಮುಖವನ್ನೂ ನೋಡದೆ, ಹೇಳಿದ:

"ಆವತ್ತು ನಾನು ನಿದ್ದೆ ಹೋಗಿದ್ದೆ. ಈ ಜಗಲಿ ಮೇಲೇಯ. ಚಿಕ್ಕಿ ನನ್ ಕೈಬೆಳ್ಳು ಹಿಡ್ಕಂಡು ಪಕ್ಕದಲ್ಲೇ ಮಲ್ಗಿತ್ತು. ಎಚ್ಚರ ಆದಾಗ ಬೆಳ್ಳು ಬರೀದಾಗಿತ್ತು. ಅದು ಎದ್ದೋಗಿದ್ದು ನಂಗೆ ಗೊತ್ತಾಗ್ಲಿಲ್ಲ. ಕುಡ್ದಿರ್ನಿಲ್ಲ, ಎಲ್ಲೂ ಹೋಗಿರ್ನಿಲ್ಲ. ಬರೀ ನಿದ್ದೆ. ನೀನು ಕೇಳ್ದಾಗ, ನಿದ್ದೆ ಹೋಗಿದ್ದೆ ಅನ್ನಕ್ಕೆ ನಾಲಗೆ ಬರ್ನಿಲ್ಲ ದ್ಯಾವಿ. ನಿದ್ದೆ ಅನ್ನೋದು ಮಗೂನ ಬೆಲೆಗೆ ಬಲು ಸಣ್ಣ ಮಾತು."

ಕೇಳಬಾರದು ಅನ್ನುವ ಕಟ್ಟಳೆಯನ್ನು ತಲೆತಲಾಂತರದಿಂದ ಪಾಲಿಸಿಕೊಂಡು ಬಂದವರು ನಾವು. "ಬುಧವಾರಕ್ಕೆ ಬೇಕು", "ಊಟ ಆಗಿದೆ" ಅಂತ ಕೇಳದ ಸಣ್ಣಪುಟ್ಟದ್ದಕ್ಕೆಲ್ಲ ಉತ್ತರ ಕೊಟ್ಟುಕೊಂಡೇ ಬದುಕಿದ್ದೇವೆ. ದೊಡ್ಡದಕ್ಕೂ ಹಾಗೇ ಉತ್ತರ ಕೊಡಬಹುದು ಅಂತ ಯಾರಿಗೂ ಹೊಳೆದಿರಲಿಲ್ಲ. ಹೊಳೆದಿದ್ದರೂ, ಕೇಳುತ್ತಿಲ್ಲವಲ್ಲ ಅಂತ ನೆಮ್ಮದಿಯಾಗಿ ಇದ್ದುಬಿಡುತ್ತಿದ್ದೆವು ಅನ್ನಿ.

ದ್ಯಾವಮ್ಮ ಹೊಸ್ತಿಲ ಮೇಲೆ ಕೂತಳು. "ನಿದ್ದೆ" ಅಂದಳು. ಸ್ವಲ್ಪ ಹೊತ್ತಾದ ಮೇಲೆ ಇನ್ನೊಂದು ಸಲ "ನಿದ್ದೆ" ಅಂದಳು. ಒಂಬತ್ತು ವರ್ಷದಲ್ಲಿ ಅವಳು ಅವನನ್ನು ಎಲ್ಲೆಲ್ಲಿ ಕೂರಿಸಿ, ಯಾರ್‍ಯಾರ ಜೊತೆ ನಿಲ್ಲಿಸಿ ನೋಡಿದ್ದಳೋ, ಅದೆಲ್ಲ ಒಂದೊಂದಾಗಿ ಬಿದ್ದುಹೋಗುತ್ತಿರಬೇಕು. ಆಮೇಲೆ ಸೆರಗು ಬಾಯಿಗಿಟ್ಟುಕೊಂಡು ಅತ್ತಳು, ಮಗು ಹೋದ ದಿನ ಅತ್ತಷ್ಟೇ ಜೋರಾಗಿ. ನನಗೂ ಅಳು ಬಂತು, ಅದನ್ನು ಮುಚ್ಚಿಟ್ಟು ಆಗಬೇಕಾದದ್ದೇನೂ ಇಲ್ಲ. ಮೇಷ್ಟ್ರು ಎತ್ತಿಕಟ್ಟಿದ ಪಂಚೆಯನ್ನು ಇಳಿಸಿ, "ಇನ್ನೊಂದು ವಾರ ನೋಡೋಣ" ಅಂದು ಎಲ್ಲರನ್ನೂ ಕರೆದುಕೊಂಡು ಹೊರಟರು.

ಅವತ್ತಿನಿಂದ ಅವಳು ಅವನ ಜೊತೆ ಒಂದು ಮಾತೂ ಆಡಲಿಲ್ಲ. ತಟ್ಟೆ ತಂದು ಜಗಲಿಯಲ್ಲಿಟ್ಟು ಒಳಗೆ ಹೋಗುತ್ತಿದ್ದಳು, ಒಂದು ದಿನ ಒಂದು ಮುದ್ದೆ, ಒಂದು ದಿನ ಎರಡು. ಕಡ್ಡಿಯ ಹತ್ತಿರ ಮಾತ್ರ ಹೋಗಲಿಲ್ಲ. ನಾನು ದಿನಾ ಬೆಳಿಗ್ಗೆ ನೋಡುತ್ತಿದ್ದೆ, ಮೆತ್ತಿದ ಮಣ್ಣು ಹಾಗೇ ಒಣಗಿತ್ತು.

ನಲವತ್ತಾರನೆಯ ದಿನ ಆ ಮಣ್ಣಿಗಿಂತ ಒಂದು ಗೇಣು ಮೇಲೆ ಎಲೆ ಬಂತು. ಮಗುವಿನ ಕೈಯಗಲದ ಮೂರು ಎಲೆ, ಅಂಜೂರ. ಮೊದಲು ನೋಡಿದ ಮೇಷ್ಟ್ರು ಬೀದಿಯುದ್ದಕ್ಕೂ ಕೂಗಿಕೊಂಡು ಹೋದರು. ಕೂಗಿದ್ದು ಇಷ್ಟೇ, "ಎಲ್ರೂ ಚೆನ್ನಾಗಿದ್ದೀರಾ?" ಅಷ್ಟು ಸಾಕಿತ್ತು. ಮನೆಮನೆಯ ಬಾಗಿಲು ತೆರೆದು ಯಾರು, ಎಲ್ಲಿ, ಎಷ್ಟು, ಯಾವಾಗ ಅನ್ನುವುದೆಲ್ಲ ಒಟ್ಟಿಗೇ ಹೊರಗೆ ಬಂತು. ನನ್ನ ಅಂಗಡಿಯ ಮುಂದೆ ಒಬ್ಬನು, ಎಡಗಡೆ ಜೇಬು ಅಂದರೆ ಯಾರ ಎಡಗಡೆ ಅಂದುಕೊಂಡೆ ಮಾರಾಯ ಅಂತ ಅಂಗಿ ಹಿಡಿದುಕೊಂಡು ನಿಂತಿದ್ದ. ಮೇಷ್ಟ್ರ ಮೊಮ್ಮಗಳನ್ನು ಹುಡುಗ ಒಪ್ಪಿಗೆಯಾ ಅಂತ ಕೇಳಿದ್ದಕ್ಕೆ ಅವಳು ಇಲ್ಲ ಅಂದಳೆಂದು ಹತ್ತು ಗಂಟೆಯೊಳಗೆ ಸುದ್ದಿ ಬಂತು. ಗಂಡಿನ ಕಡೆಯವರು ಮೊದಲ ಸಲ ಬಂದ ದಿನದಿಂದ ಅದೇ ಉತ್ತರ ಇಟ್ಟುಕೊಂಡು ಕಾದಿದ್ದಳಂತೆ.

ಮಧ್ಯಾಹ್ನದ ಹೊತ್ತಿಗೆ ನಾನು ಬೋರಯ್ಯನ ಅಂಗಿಗೆ ಕೊನೆಯ ಗುಂಡಿ ಹಾಕಿ, ಮಡಚಿಕೊಂಡು ಎದುರುಮನೆಗೆ ಹೋದೆ. ಬೋರಯ್ಯ ಚಪ್ಪಲಿ ಮೆಟ್ಟಿ ಅಂಗಳದಲ್ಲಿ ನಿಂತಿದ್ದ. ಕೈಚೀಲ ಮೊಳೆಯಿಂದ ಇಳಿದು ಜಗಲಿಯ ಮೇಲೆ ಬಂದಿತ್ತು. ಹೇಳಬೇಕಾದದ್ದನ್ನು ಹೇಳಿಯಾಯಿತು, ಇನ್ನು ಅವಳು ಕೇಳುವುದೇನಿದೆಯೋ ಅದನ್ನು ನಿಂತು ಕೇಳಿಸಿಕೊಂಡೇ ಹೋಗುವುದು ಅಂತ ತೀರ್ಮಾನ ಮಾಡಿದವನ ಹಾಗಿದ್ದ. ಬೀದಿಯವರು ಯಾವುದೋ ಕೆಲಸವಿದ್ದವರಂತೆ ಅಲ್ಲಲ್ಲೇ ಸುಳಿದಾಡುತ್ತಿದ್ದರು. ಭವಿಷ್ಯ ಹೇಳಿದ್ದ ಮೇಷ್ಟ್ರೂ ಇದ್ದರು, ಆದರೆ ಅದು ನಿಜವಾಗಲಿ ಅನ್ನುವ ಆಸೆ ಅವರ ಮುಖದಲ್ಲಿ ಈಗ ಕಾಣಲಿಲ್ಲ.

ದ್ಯಾವಮ್ಮ ಹೊರಗೆ ಬಂದಳು. ಒಂಬತ್ತು ವರ್ಷದ ಹಿಂದೆ ನಿಂತಿದ್ದ ಜಾಗದಲ್ಲೇ ನಿಂತಳು. ಕೈಗೆ ಹಿಟ್ಟು ಮೆತ್ತಿತ್ತು, ಒಲೆಯ ಬಿಸಿಗೆ ಮುಖ ಕೆಂಪಾಗಿತ್ತು. ಅವನ ಮುಖ ನೋಡಿದಳು, ಚಪ್ಪಲಿ ನೋಡಿದಳು, ಕೈಚೀಲ ನೋಡಿದಳು. ಬೇರೆ ಪ್ರಶ್ನೆ ನನ್ನ ಹತ್ತಿರ ಇಲ್ಲ ಅಂದಿದ್ದಳಲ್ಲ, ಅದನ್ನು ನೆನೆದು ನಾನು ಅಂಗಿಯನ್ನು ಎದೆಗೊತ್ತಿ ಹಿಡಿದುಕೊಂಡೆ.

"ಮುದ್ದೆ ಒಂದಾ, ಎರಡಾ?" ಅಂತ ಕೇಳಿದಳು ದ್ಯಾವಮ್ಮ.

ಬೋರಯ್ಯ ಬಗ್ಗಿ, ಒಂದು ಕಾಲಿನ ಚಪ್ಪಲಿ ಬಿಟ್ಟ, ಇನ್ನೊಂದು ಕಾಲಿನದೂ ಬಿಟ್ಟ.

"ಒಂದೂವರೆ" ಅಂದ.